ಒಂದೇ ಅಳತೆಯ ಕೋಟ್ಯಂತರ ಮಣಿಗಳು

ಬೂಂದಿ ಲಾಡು ಮಾಡುವುದನ್ನು ನೀವು ನೋಡಿರುತ್ತೀರಿ. ಕಡಲೆಹಿಟ್ಟನ್ನು ಹದವಾಗಿ ಕಲಸಿ, ತೂತುಗಳಿರುವ ಸೌಟಿನ ಮೇಲೆ ಹೊಯ್ದು ತಟ್ಟಿದರೆ, ಹಿಟ್ಟು ಹನಿಹನಿಯಾಗಿ ಕಾದ ಎಣ್ಣೆಗೆ ಬಿದ್ದು ದುಂಡನೆಯ ಕಾಳುಗಳಾಗಿ ಮೇಲೆ ತೇಲುತ್ತದೆ. ಹಿಟ್ಟು ನೀರಾದರೆ ಕಾಳು ಚಪ್ಪಟೆ, ಗಟ್ಟಿಯಾದರೆ ಕಾಳಿಗೆ ಬಾಲ. ಕೈ ಪಳಗಿದವರು ಮಾಡಿದ ಬೂಂದಿಯಲ್ಲಿ ಕಾಳುಗಳು ಬಹುಮಟ್ಟಿಗೆ ಒಂದೇ ಗಾತ್ರದವು. ಆದರೂ ಒಂದು ಹಿಡಿ ತೆಗೆದುಕೊಂಡು ಒಂದೊಂದನ್ನೂ ಅಳೆದರೆ ಹಿರಿದು ಕಿರಿದು ಕಂಡೇ ಕಾಣುತ್ತದೆ. ತಿನ್ನುವವರಿಗೆ ಅದರಿಂದ ತೊಂದರೆಯೇನೂ ಇಲ್ಲ.

ಈಗ ಬೇರೊಂದು ಬೇಡಿಕೆಯನ್ನು ಮುಂದಿಡೋಣ. ಕಾಳಿನ ಬದಲು ಪ್ಲಾಸ್ಟಿಕ್ಕಿನ ಮಣಿಗಳು ಬೇಕು. ಪ್ರತಿ ಮಣಿಯ ಅಡ್ಡಳತೆ 200 ನ್ಯಾನೊಮೀಟರ್, ಎಂದರೆ ಒಂದು ಮಿಲಿಮೀಟರಿನ ಐದು ಸಾವಿರದಲ್ಲಿ ಒಂದು ಭಾಗ. ತಲೆಗೂದಲಿನ ಅಡ್ಡಗಲದಲ್ಲಿ ಇಂಥ ನಾನ್ನೂರು ಮಣಿಗಳನ್ನು ಸಾಲಾಗಿ ಕೂರಿಸಬಹುದು. ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ಇವುಗಳ ಆಕಾರವೂ ಸರಿಯಾಗಿ ತಿಳಿಯುವುದಿಲ್ಲ. ಮಣಿ ಮಣಿಗೂ ಇರುವ ವ್ಯತ್ಯಾಸ ನೂರಕ್ಕೆ ಎರಡು ಮೂರನ್ನು ಮೀರಬಾರದು. ಬೇಕಾಗಿರುವ ಪ್ರಮಾಣ ಕೇವಲ ನೂರು ಗ್ರಾಂ. ಆ ನೂರು ಗ್ರಾಮಿನಲ್ಲಿ ಎಷ್ಟು ಮಣಿಗಳಿರುತ್ತವೆ ಎಂದು ಲೆಕ್ಕ ಹಾಕಿದರೆ ಸುಮಾರು 227 ಕೋಟಿ ಕೋಟಿ ಬರುತ್ತದೆ. ಭಾರತದ 140 ಕೋಟಿ ಜನರಿಗೂ ಹಂಚಿದರೆ ತಲೆಗೆ ಒಂದೂವರೆ ಕೋಟಿಗೂ ಹೆಚ್ಚು!

ಇದಕ್ಕೆ ಯಾವ ಸೌಟು? ಯಾವ ಸೌಟೂ ಇಲ್ಲ. ಒಂದು ಗಾಜಿನ ಬುರುಡೆ, ನೀರು, ಸ್ವಲ್ಪ ಸಾಬೂನು ಮತ್ತು ಸ್ಟೈರೀನ್ ಎಂಬ ದ್ರವ ಇದ್ದರೆ ಈ ಕೆಲಸ ಒಂದು ದಿನದೊಳಗೆ ಮುಗಿಯುತ್ತದೆ. ಅಳತೆಯನ್ನು ಸರಿಮಾಡುವವರು ಯಾರೂ ಇಲ್ಲ. ಮಣಿಗಳು ತಮ್ಮಷ್ಟಕ್ಕೆ ತಾವೇ ಸಮನಾಗುತ್ತವೆ. ಅದು ಹೇಗೆ ಎನ್ನುವುದೇ ಇಲ್ಲಿಯ ಸ್ವಾರಸ್ಯ.

ಆರಿಸಿ ತೆಗೆದ ಕಾಲ

ಮೊದಲು, ಸಮಾನತೆಗಾಗಿ ಇಷ್ಟು ಹಟವೇಕೆ ಎಂದು ನೀವು ಕೇಳಬಹುದು. ಇದಕ್ಕೆ ಉತ್ತರ 1908ರ ಪ್ಯಾರಿಸ್ ನಗರದಲ್ಲಿ ಸಿಗುತ್ತದೆ. ಅಣುಗಳು ನಿಜವಾಗಿಯೂ ಇವೆಯೇ ಅಥವಾ ಅವು ಲೆಕ್ಕದ ಅನುಕೂಲಕ್ಕಾಗಿ ಮಾಡಿಕೊಂಡ ಕಲ್ಪನೆಯೇ ಎಂಬ ವಾದ ಆಗ ಇನ್ನೂ ಮುಗಿದಿರಲಿಲ್ಲ. ಜೀನ್ ಪೆರಿನ್ ಎಂಬ ಭೌತವಿಜ್ಞಾನಿ ಇದನ್ನು ಪ್ರಯೋಗದಿಂದ ಇತ್ಯರ್ಥ ಮಾಡಲು ಹೊರಟರು. ಬೆಟ್ಟ ಹತ್ತಿದಂತೆ ಗಾಳಿ ವಿರಳವಾಗುತ್ತದೆಯಲ್ಲವೇ? ಹಾಗೆಯೇ ನೀರಿನಲ್ಲಿ ತೇಲಾಡುವ ಸೂಕ್ಷ್ಮ ಗುಂಡುಗಳೂ ತಳದಲ್ಲಿ ದಟ್ಟವಾಗಿ, ಮೇಲೆ ಹೋದಂತೆ ವಿರಳವಾಗಿ ಹರಡಿರಬೇಕು. ಎಷ್ಟು ಎತ್ತರಕ್ಕೆ ಎಷ್ಟು ಗುಂಡುಗಳು ಎಂದು ಎಣಿಸಿದರೆ ಅವೊಗಾಡ್ರೊ ಸಂಖ್ಯೆಯನ್ನೇ ಕಂಡುಹಿಡಿಯಬಹುದು.

ಆದರೆ ಒಂದು ಷರತ್ತು: ಗುಂಡುಗಳೆಲ್ಲ ಒಂದೇ ಗಾತ್ರದವಾಗಿರಬೇಕು. ಇಲ್ಲವಾದರೆ ದೊಡ್ಡವು ತಳ ಸೇರಿ, ಚಿಕ್ಕವು ಮೇಲೆ ಉಳಿದು, ಎಣಿಕೆಗೆ ಅರ್ಥವೇ ಇರುವುದಿಲ್ಲ. ಪೆರಿನ್ ಬಳಸಿದ್ದು ಗ್ಯಾಂಬೋಜ್ ಎಂಬ ಹಳದಿ ಅಂಟು. ಚಿತ್ರಕಾರರು ಬಣ್ಣಕ್ಕೆ ಬಳಸುತ್ತಿದ್ದ ಈ ಅಂಟು ಬರುವುದು ಗಾರ್ಸೀನಿಯ ಜಾತಿಯ ಮರಗಳಿಂದ. ನಮ್ಮ ಮಲೆನಾಡಿನ ಮುರುಗಲು, ಉಪ್ಪಾಗೆ ಮರಗಳೂ ಅದೇ ಜಾತಿಗೆ ಸೇರಿದವು. ಅಂಟನ್ನು ನೀರಿನಲ್ಲಿ ಉಜ್ಜಿದರೆ ನಾನಾ ಗಾತ್ರದ ಗುಂಡುಗಳು ಬಿಡುತ್ತವೆ. ಪೆರಿನ್ ಅವುಗಳನ್ನು ಸೆಂಟ್ರಿಫ್ಯೂಜ್ ಯಂತ್ರದಲ್ಲಿ ತಿರುಗಿಸಿ, ತಳ ಕಂಡದ್ದನ್ನು ಬೇರ್ಪಡಿಸಿ, ಮತ್ತೆ ಕಲಕಿ, ಮತ್ತೆ ತಿರುಗಿಸಿ, ಹೀಗೆ ತಿಂಗಳುಗಟ್ಟಲೆ ದುಡಿದರು. ಒಂದು ಕಿಲೋಗ್ರಾಂ ಅಂಟಿನಿಂದ ಕೊನೆಗೆ ಅವರ ಕೈಗೆ ದಕ್ಕಿದ ಸಮಾನ ಗಾತ್ರದ ಗುಂಡುಗಳು ಒಂದು ಗ್ರಾಮಿನ ಕೆಲವೇ ಹತ್ತನೆಯ ಭಾಗಗಳಷ್ಟು! ಆದರೆ ಆ ಚಿಟಿಕೆ ಪುಡಿಯಿಂದಲೇ ಅಣುಗಳ ಅಸ್ತಿತ್ವ ದೃಢಪಟ್ಟಿತು. 1926ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂತು.

ಪೆರಿನ್ ಮಾಡಿದ್ದು ಆರಿಸುವ ಕೆಲಸ. ಅಕ್ಕಿಯನ್ನು ಮೊರದಲ್ಲಿ ಕೇರಿದಂತೆ. ಬೇಕಾದ ಗಾತ್ರದಲ್ಲೇ ಹುಟ್ಟಿಸುವ ವಿದ್ಯೆ ಆಗ ಯಾರಿಗೂ ತಿಳಿದಿರಲಿಲ್ಲ.

ಆ ವಿದ್ಯೆ ಬಂದದ್ದು ಯುದ್ಧದ ಬಾಗಿಲಿನಿಂದ. ಎರಡನೆಯ ಮಹಾಯುದ್ಧದಲ್ಲಿ ಜಪಾನ್ ಆಗ್ನೇಯ ಏಷ್ಯಾದ ರಬ್ಬರ್ ತೋಟಗಳನ್ನು ವಶಪಡಿಸಿಕೊಂಡಾಗ ಅಮೆರಿಕ ಕೃತಕ ರಬ್ಬರಿಗೆ ಮೊರೆಹೋಗಬೇಕಾಯಿತು. ಸಾಬೂನು ನೀರಿನಲ್ಲಿ ಎಣ್ಣೆಯಂಥ ಕಚ್ಚಾದ್ರವವನ್ನು ಕದಡಿ ಪಾಲಿಮರ್ ಮಾಡುವ ವಿಧಾನ ಆಗ ಕಾರ್ಖಾನೆಗಳಲ್ಲಿ ಪಳಗಿತು. ಹೀಗೆ ತಯಾರಾದ ಹಾಲಿನಂಥ ದ್ರವಕ್ಕೆ ಲೇಟೆಕ್ಸ್ ಎಂದು ಹೆಸರು. ಯುದ್ಧ ಮುಗಿದ ಮೇಲೆ ಅಮೆರಿಕದ ಡೌ ಕಂಪನಿ ತಯಾರಿಸಿದ 580-ಜಿ ಎಂಬ ಪಾಲಿಸ್ಟೈರೀನ್ ಲೇಟೆಕ್ಸಿನ ಒಂದು ಕಂತು ಮಿಚಿಗನ್ ವಿಶ್ವವಿದ್ಯಾಲಯದ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗೆ ಬಂತು. ಅಲ್ಲಿ ಬ್ಯಾಕಸ್ ಮತ್ತು ವಿಲಿಯಮ್ಸ್ ಎಂಬ ವಿಜ್ಞಾನಿಗಳಿಗೆ ಕಂಡದ್ದು ಅಚ್ಚಿನಲ್ಲಿ ಹೊಯ್ದಂತೆ ಒಂದೇ ಸಮನಾದ ಗುಂಡುಗಳು. ಒಂದೊಂದರ ವ್ಯಾಸ ಸುಮಾರು 260 ನ್ಯಾನೊಮೀಟರ್. 1948ರಲ್ಲಿ ಅವರು ಇದನ್ನು ಪ್ರಕಟಿಸಿದರು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಒಂದು ವೈರಸ್ಸನ್ನು ನೋಡುವಾಗ ಪಕ್ಕದಲ್ಲಿ ಇಂಥದೊಂದು ಮಣಿಯನ್ನು ಇಟ್ಟುಕೊಂಡರೆ ಸಾಕು, ಅದೇ ಅಳತೆಗೋಲು. ಪ್ರಯೋಗಶಾಲೆಗಳಿಂದ ಬೇಡಿಕೆ ಬರತೊಡಗಿತು. ಬಣ್ಣ, ಲೇಪನಗಳಿಗಾಗಿ ಹುಟ್ಟಿದ ವಸ್ತು ವಿಜ್ಞಾನದ ಉಪಕರಣವಾಯಿತು.

ಬುರುಡೆಯೊಳಗೆ ನಡೆಯುವುದೇನು?

ಸ್ಟೈರೀನ್ ಬಣ್ಣವಿಲ್ಲದ, ಘಾಟು ವಾಸನೆಯ ದ್ರವ. ಇದರ ಅಣುಗಳು ಒಂದರ ಹಿಂದೊಂದು ಕೊಂಡಿ ಬೆಸೆದುಕೊಂಡರೆ ಉದ್ದನೆಯ ಸರಪಳಿಯಾಗುತ್ತದೆ. ಅದೇ ಪಾಲಿಸ್ಟೈರೀನ್. ಟೀವಿ ಪೆಟ್ಟಿಗೆಯಲ್ಲಿ ಪೆಟ್ಟು ತಾಗದಂತೆ ಇಡುವ ಬಿಳಿಯ ಥರ್ಮೋಕೋಲ್ ಇದೇ ವಸ್ತುವಿನ ಉಬ್ಬಿಸಿದ ರೂಪ.

ಸ್ಟೈರೀನ್ ನೀರಿನಲ್ಲಿ ಬಹಳ ಸ್ವಲ್ಪವೇ ಕರಗುತ್ತದೆ. ಸಾಬೂನು ನೀರಿಗೆ ಹಾಕಿ ಕದಡಿದರೆ ಹನಿಗಳಾಗಿ ಹರಡುತ್ತದೆ. ಆ ಹನಿಗಳೇ ಗಟ್ಟಿಯಾಗಿ ಮಣಿಗಳಾಗುತ್ತವೆ ಎಂದು ನೀವು ಊಹಿಸಿದರೆ ಆಶ್ಚರ್ಯವಿಲ್ಲ, ಆದರೆ ನಡೆಯುವುದು ಹಾಗಲ್ಲ. ಕದಡಿದ ಹನಿಗಳು ನಾನಾ ಗಾತ್ರದವು. ಅವೇ ಗಟ್ಟಿಯಾಗಿದ್ದರೆ ಮಣಿಗಳೂ ನಾನಾ ಗಾತ್ರದವಾಗಬೇಕಿತ್ತು. ನಿಜವಾದ ಹೆರಿಗೆಮನೆ ಬೇರೆಡೆ ಇದೆ.

ಸಾಬೂನಿನ ಅಣುವಿಗೆ ಎರಡು ತುದಿ. ಒಂದಕ್ಕೆ ನೀರು ಪ್ರಿಯ, ಇನ್ನೊಂದಕ್ಕೆ ಎಣ್ಣೆ ಪ್ರಿಯ. ನೀರಿನಲ್ಲಿ ಸಾಬೂನು ಒಂದು ಮಿತಿಯನ್ನು ದಾಟಿದಾಗ ಐವತ್ತು, ನೂರು ಅಣುಗಳು ಗುಂಪುಗೂಡಿ, ಬಾಲಗಳನ್ನು ಒಳಗೆ ಮುಚ್ಚಿಕೊಂಡು, ತಲೆಗಳನ್ನು ಹೊರಗೆ ಚಾಚಿ ಕೂರುತ್ತವೆ. ಈ ಗುಂಪಿಗೆ ಮೈಸೆಲ್ ಎಂದು ಹೆಸರು. ಇದರ ಅಗಲ ಕೆಲವೇ ನ್ಯಾನೊಮೀಟರ್. ಸ್ಟೈರೀನಿನ ಕೆಲವು ಅಣುಗಳು ಈ ಮೈಸೆಲ್‌ಗಳ ಎಣ್ಣೆಪ್ರಿಯ ಒಡಲೊಳಗೆ ಬಂದು ಸೇರುತ್ತವೆ. ಒಂದು ಹನಿ ಸ್ಟೈರೀನಿಗೆ ಹೋಲಿಸಿದರೆ ಮೈಸೆಲ್ ತೀರಾ ಚಿಕ್ಕದು. ಆದರೆ ಸಂಖ್ಯೆಯಲ್ಲಿ ಮೈಸೆಲ್‌ಗಳು ಹನಿಗಳಿಗಿಂತ ಕೋಟಿಪಟ್ಟು ಹೆಚ್ಚು.

ಈಗ ಬುರುಡೆಯನ್ನು 70 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಪೊಟ್ಯಾಸಿಯಂ ಪರ್‌ಸಲ್ಫೇಟ್ ಹಾಕುತ್ತಾರೆ. ಅದಕ್ಕೂ ಮೊದಲು ನೈಟ್ರೊಜನ್ ಹಾಯಿಸಿ ಆಕ್ಸಿಜನ್ನನ್ನು ಓಡಿಸಿರಬೇಕು, ಇಲ್ಲದಿದ್ದರೆ ಕ್ರಿಯೆ ಮೊದಲಾಗುವುದೇ ಇಲ್ಲ. ಪರ್‌ಸಲ್ಫೇಟ್ ಶಾಖಕ್ಕೆ ಒಡೆದು ರ್‍ಯಾಡಿಕಲ್‌ಗಳನ್ನು ಕೊಡುತ್ತದೆ. ಜೊತೆ ಕಳೆದುಕೊಂಡ ಒಂಟಿ ಎಲೆಕ್ಟ್ರಾನ್ ಉಳ್ಳ ಈ ತುಣುಕು, ಸಿಕ್ಕ ಸ್ಟೈರೀನ್ ಅಣುವನ್ನು ಹಿಡಿದುಕೊಳ್ಳುತ್ತದೆ. ಆ ಅಣು ಇನ್ನೊಂದನ್ನು, ಅದು ಮತ್ತೊಂದನ್ನು. ನಾಲ್ಕಾರು ಕೊಂಡಿ ಸೇರುವಷ್ಟರಲ್ಲಿ ಆ ತುಣುಕಿಗೆ ನೀರು ಒಗ್ಗುವುದಿಲ್ಲ. ಅದು ಆಸರೆ ಹುಡುಕುತ್ತದೆ. ಎಲ್ಲೆಲ್ಲೂ ಮೈಸೆಲ್‌ಗಳೇ ಇರುವುದರಿಂದ ಅದಕ್ಕೆ ಎದುರಾಗುವುದೂ ಮೈಸೆಲ್ಲೇ. ಒಳಗೆ ಹೊಕ್ಕಿತೆಂದರೆ ಅಲ್ಲಿದ್ದ ಸ್ಟೈರೀನನ್ನೆಲ್ಲ ಸರಪಳಿಗೆ ಸೇರಿಸುತ್ತದೆ. ಒಂದು ಮಣಿ ಹುಟ್ಟಿತು!

ಹುಟ್ಟಿದ ಮಣಿ ಬೆಳೆಯಬೇಕು. ದೊಡ್ಡ ಹನಿಗಳಿಂದ ಸ್ಟೈರೀನ್ ನೀರಿನ ಮೂಲಕ ಮೆಲ್ಲಗೆ ಬಂದು ಮಣಿಗಳನ್ನು ಸೇರುತ್ತಲೇ ಇರುತ್ತದೆ. ಹನಿಗಳು ಕೇವಲ ಉಗ್ರಾಣಗಳು ಎಂದಾಯಿತು. ಬೆಳೆಯುವ ಮಣಿಯ ಮೈ ಮುಚ್ಚಲು ಸಾಬೂನು ಬೇಕು. ಅದಕ್ಕಾಗಿ ಇನ್ನೂ ಖಾಲಿ ಇರುವ ಮೈಸೆಲ್‌ಗಳು ಕರಗಿ ತಮ್ಮ ಸಾಬೂನನ್ನು ಬಿಟ್ಟುಕೊಡುತ್ತವೆ. ಸ್ವಲ್ಪ ಹೊತ್ತಿನಲ್ಲೇ ಮೈಸೆಲ್‌ಗಳೆಲ್ಲ ಮುಗಿದುಹೋಗುತ್ತವೆ. ಅಲ್ಲಿಂದ ಮುಂದೆ ಹೊಸ ಮಣಿ ಹುಟ್ಟಲು ಜಾಗವೇ ಇಲ್ಲ, ಇರುವ ಮಣಿಗಳು ಬೆಳೆಯುವುದಷ್ಟೆ. ಒಂದೇ ದಿನ ಬಿತ್ತಿದ ಹೊಲದಲ್ಲಿ ಪೈರು ಒಂದೇ ಸಮ ಏಳುವ ಹಾಗೆ. ಜನನಕಾಲ ಚಿಕ್ಕದು, ಬೆಳವಣಿಗೆಯ ಕಾಲ ದೊಡ್ಡದು ಇರಬೇಕೆಂಬ ಈ ಸೂತ್ರ ಪ್ಲಾಸ್ಟಿಕ್ಕಿಗೆ ಮಾತ್ರ ಸೇರಿದ್ದಲ್ಲ. 1950ರಲ್ಲಿ ಲಾಮರ್ ಮತ್ತು ಡೈನ್‌ಗಾರ್ ಎಂಬುವರು ಗಂಧಕದ ಕಣಗಳನ್ನು ಅಭ್ಯಸಿಸಿ ಇದನ್ನು ಸ್ಪಷ್ಟವಾಗಿ ಹೇಳಿದರು. ಇಂದು ಚಿನ್ನದ ನ್ಯಾನೊಕಣ ಮಾಡುವವರೂ ಇದನ್ನೇ ನೆಚ್ಚಿದ್ದಾರೆ.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಜನನಕಾಲ ಎಷ್ಟೇ ಚಿಕ್ಕದಾದರೂ ಮೊದಲು ಹುಟ್ಟಿದ ಮಣಿ ಕೊನೆಯದಕ್ಕಿಂತ ಸ್ವಲ್ಪ ದೊಡ್ಡದಾಗಿಯೇ ಇರುತ್ತದೆ. ಆ ವ್ಯತ್ಯಾಸ ಎಲ್ಲಿ ಹೋಯಿತು?

ಇಲ್ಲಿ ಒಂದು ಸೊಗಸಾದ ಲೆಕ್ಕವಿದೆ. ಪೆನ್ಸಿಲ್ ಹಿಡಿದು ನೀವೇ ಮಾಡಿನೋಡಿ. ಮಣಿಯೊಳಗೆ ಒಂದು ರ್‍ಯಾಡಿಕಲ್ ಇದ್ದರೆ ಸರಪಳಿ ಬೆಳೆಯುತ್ತಿರುತ್ತದೆ. ಎರಡನೆಯದು ಒಳಬಂದರೆ ಇಕ್ಕಟ್ಟಾದ ಆ ಜಾಗದಲ್ಲಿ ಎರಡೂ ಕೂಡಿಕೊಂಡು ತಣ್ಣಗಾಗುತ್ತವೆ. ಮೂರನೆಯದು ಬರುವವರೆಗೆ ಮಣಿಗೆ ವಿಶ್ರಾಂತಿ. ಹೀಗೆ ಪ್ರತಿ ಮಣಿಯೂ, ಅದು ಚಿಕ್ಕದಿರಲಿ ದೊಡ್ಡದಿರಲಿ, ಸರಾಸರಿ ಅರ್ಧ ಕಾಲ ಬೆಳೆಯುತ್ತದೆ, ಅರ್ಧ ಕಾಲ ಸುಮ್ಮನಿರುತ್ತದೆ. ಆದ್ದರಿಂದ ಎಲ್ಲ ಮಣಿಗಳಿಗೂ ಸೇರುವ ಘನಗಾತ್ರ ಬಹುಮಟ್ಟಿಗೆ ಸಮಾನ.

ಈಗ ಎರಡು ಮಣಿಗಳನ್ನು ತೆಗೆದುಕೊಳ್ಳಿ. ಒಂದರ ವ್ಯಾಸ 40, ಇನ್ನೊಂದರದು 60 ನ್ಯಾನೊಮೀಟರ್. ಒಂದೂವರೆ ಪಟ್ಟಿನ ವ್ಯತ್ಯಾಸ, ಸಣ್ಣದೇನಲ್ಲ. ಗೋಳದ ಗಾತ್ರ ವ್ಯಾಸದ ಘನಕ್ಕೆ ಅನುಪಾತವಾಗಿರುವುದರಿಂದ ಒಂದಕ್ಕೆ 64,000, ಇನ್ನೊಂದಕ್ಕೆ 2,16,000 ಎಂದು ಬರೆದುಕೊಳ್ಳೋಣ. ಎರಡಕ್ಕೂ ಸಮನಾಗಿ 78 ಲಕ್ಷ ಸೇರಿಸಿ. ಮೊತ್ತ 78,64,000 ಮತ್ತು 80,16,000. ಇವುಗಳ ಘನಮೂಲ ತೆಗೆಯಿರಿ. ಮೊದಲನೆಯದು 198.9, ಎರಡನೆಯದು 200.1. ಇಪ್ಪತ್ತು ನ್ಯಾನೊಮೀಟರಿನ ಅಂತರ ಒಂದೂಕಾಲಕ್ಕೆ ಇಳಿಯಿತು! ಯಾವುದೇ ಜರಡಿ ಹಿಡಿಯದೆ, ಯಾವುದೇ ಮಣಿಯನ್ನು ಹೊರಗೆ ಹಾಕದೆ, ಬೆಳವಣಿಗೆಯೇ ಹಿರಿಕಿರಿಯರನ್ನು ಒಂದು ಸಾಲಿಗೆ ತಂದು ನಿಲ್ಲಿಸಿತು. ಮಣಿಗಳೆಲ್ಲ ಬೇಗನೆ ಹುಟ್ಟಿ, ಬಹಳ ಕಾಲ ಬೆಳೆಯಬೇಕೆಂಬುದರ ಗುಟ್ಟು ಇದೇ.

ಗಾತ್ರವನ್ನು ಹತೋಟಿಯಲ್ಲಿಡುವ ಕೀಲಿಯೂ ಈ ಲೆಕ್ಕದಲ್ಲೇ ಇದೆ. ಸ್ಟೈರೀನ್ ಇಷ್ಟೇ ಎಂದು ನಿಶ್ಚಯವಾದ ಮೇಲೆ ಮಣಿಯ ಗಾತ್ರ ಎಷ್ಟು ಮಣಿಗಳಿಗೆ ಅದು ಹಂಚಿಹೋಗುತ್ತದೆ ಎಂಬುದನ್ನು ಅವಲಂಬಿಸಿದೆ. ಸಾಬೂನು ಹೆಚ್ಚಿಸಿದರೆ ಮಣಿಗಳ ಸಂಖ್ಯೆ ಹೆಚ್ಚು, ಗಾತ್ರ ಕಡಿಮೆ. ಆದರೆ ವ್ಯಾಸವನ್ನು ಅರ್ಧ ಮಾಡಬೇಕಾದರೆ ಮಣಿಗಳ ಸಂಖ್ಯೆ ಎಂಟು ಪಟ್ಟಾಗಬೇಕು ಎಂಬುದನ್ನು ಮರೆಯಬಾರದು. 1970ರ ದಶಕದಲ್ಲಿ ಸಾಬೂನೇ ಇಲ್ಲದೆ ಮಣಿ ಮಾಡುವುದನ್ನೂ ಕಲಿತರು. ಪರ್‌ಸಲ್ಫೇಟಿನ ತುಣುಕುಗಳೇ ಸರಪಳಿಯ ತುದಿಯಲ್ಲಿ ಉಳಿದು ಮಣಿಯ ಮೈಗೆ ಋಣ ವಿದ್ಯುದಂಶ ಕೊಡುತ್ತವೆ, ಮಣಿಗಳು ಒಂದನ್ನೊಂದು ದೂಡಿಕೊಂಡು ಅಂಟದೆ ಉಳಿಯುತ್ತವೆ. ಇಲ್ಲಿ ಕೀಲಿಗಳು ಶಾಖ ಮತ್ತು ಉಪ್ಪು. ಶಾಖ ಏರಿಸಿದರೆ ಮಣಿ ಚಿಕ್ಕದು, ನೀರಿನಲ್ಲಿ ಲವಣ ಏರಿಸಿದರೆ ಮಣಿ ದೊಡ್ಡದು. ಮೈಮೇಲೆ ಸಾಬೂನಿನ ಜಿಡ್ಡು ಇಲ್ಲದ ಈ ಮಣಿಗಳೇ ಮುಂದೆ ಹೇಳುವ ನ್ಯಾನೊರಚನೆಗಳಿಗೆ ಹೆಚ್ಚು ಪ್ರಶಸ್ತ.

ಮಣಿಗಾಗಿ ಆಕಾಶಕ್ಕೆ

ಈ ವಿಧಾನಗಳೆಲ್ಲ ಒಂದು ಮೈಕ್ರೋಮೀಟರಿನ, ಎಂದರೆ ಸಾವಿರ ನ್ಯಾನೊಮೀಟರಿನ ಆಸುಪಾಸಿನಲ್ಲಿ ನಿಂತುಬಿಡುತ್ತವೆ. ರಕ್ತಕಣದಷ್ಟು ದೊಡ್ಡ ಮಣಿ ಬೇಕಾದರೆ? ಚಿಕ್ಕ ಮಣಿಯನ್ನು ಬೀಜವಾಗಿಟ್ಟು ಮತ್ತೆ ಮತ್ತೆ ಸ್ಟೈರೀನ್ ಉಣಿಸಿ ಬೆಳೆಸಬೇಕು. ಆದರೆ ಸ್ಟೈರೀನ್ ನೀರಿಗಿಂತ ಹಗುರ, ಪಾಲಿಸ್ಟೈರೀನ್ ನೀರಿಗಿಂತ ಭಾರ. ಸ್ಟೈರೀನ್ ಹೀರಿ ಉಬ್ಬಿದ ದೊಡ್ಡ ಮಣಿ ಮೊದಲು ಕೆನೆಯಂತೆ ಮೇಲೇರುತ್ತದೆ, ಗಟ್ಟಿಯಾದ ಮೇಲೆ ತಳಕ್ಕಿಳಿಯುತ್ತದೆ. ತಡೆಯಲು ಜೋರಾಗಿ ಕಲಕಿದರೆ ಮಣಿಗಳು ಡಿಕ್ಕಿ ಹೊಡೆದು ಗಂಟುಕಟ್ಟುತ್ತವೆ.

ತೂಕವೇ ಇಲ್ಲದ ಕಡೆಗೆ ಹೋದರೆ ಈ ಪೀಡೆ ಇರುವುದಿಲ್ಲವಲ್ಲ! ಹಿಂದೆ ಡೌ ಕಂಪನಿಯಲ್ಲಿದ್ದು, ಆಮೇಲೆ ಅಮೆರಿಕದ ಲೀಹೈ ವಿಶ್ವವಿದ್ಯಾಲಯ ಸೇರಿದ್ದ ಜಾನ್ ವ್ಯಾಂಡರ್‌ಹಾಫ್ ಹಾಗೆಯೇ ಯೋಚಿಸಿದರು. 1982ರ ಮಾರ್ಚಿಯಲ್ಲಿ ಕೊಲಂಬಿಯ ಬಾಹ್ಯಾಕಾಶ ಲಾಳಿಯಲ್ಲಿ ಅವರ ಲೇಟೆಕ್ಸ್ ಪಾತ್ರೆಗಳು ಮೇಲೆ ಹೋದವು, ಮುಂದಿನ ಕೆಲವು ಯಾನಗಳಲ್ಲಿ ಮತ್ತೆ ಹೋದವು. ಅಲ್ಲಿ ಬೆಳೆದ ಸುಮಾರು 10 ಮೈಕ್ರೋಮೀಟರಿನ ಮಣಿಗಳನ್ನು ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆ 1985ರಲ್ಲಿ ಪ್ರಮಾಣ ವಸ್ತುವಾಗಿ ಮಾರಾಟಕ್ಕಿಟ್ಟಿತು. ಬಾಹ್ಯಾಕಾಶದಲ್ಲಿ ತಯಾರಾಗಿ ಭೂಮಿಯಲ್ಲಿ ಮಾರಾಟವಾದ ಮೊದಲ ಸರಕು ಎಂಬ ಕೀರ್ತಿ ಚಿನ್ನಕ್ಕಾಗಲೀ ಔಷಧಿಗಾಗಲೀ ಸಿಗಲಿಲ್ಲ, ಪ್ಲಾಸ್ಟಿಕ್ ಮಣಿಗಳಿಗೆ ಸಿಕ್ಕಿತು.

ಸ್ವಾರಸ್ಯವೆಂದರೆ, ಇಷ್ಟು ದೂರ ಹೋಗುವ ಅಗತ್ಯವಿಲ್ಲವೆಂದು ತೋರಿಸಿಕೊಟ್ಟವರು ಅಷ್ಟರಲ್ಲಿಯೇ ಇದ್ದರು. ನಾರ್ವೆಯ ಟ್ರಾಂಡ್‌ಹೈಮ್ ನಗರದ ತಾಂತ್ರಿಕ ವಿದ್ಯಾಲಯದಲ್ಲಿ ಜಾನ್ ಉಗೆಲ್‌ಸ್ಟಾಡ್ 1970ರ ದಶಕದ ಉತ್ತರಾರ್ಧದಲ್ಲಿ ಎರಡು ಹಂತದ ಉಪಾಯ ಕಂಡುಹಿಡಿದಿದ್ದರು. ಬರೀ ಪಾಲಿಮರ್ ಬೀಜಕ್ಕೆ ಸ್ಟೈರೀನ್ ಉಣಿಸಿದರೆ ಅದು ತನ್ನ ಗಾತ್ರದ ಒಂದರಿಂದ ಐದು ಪಟ್ಟಿನಷ್ಟು ಹೀರಿ ಸಾಕೆನ್ನುತ್ತದೆ. ಉಗೆಲ್‌ಸ್ಟಾಡ್ ಮೊದಲ ಹಂತದಲ್ಲಿ, ನೀರಿನಲ್ಲಿ ಕರಗದ, ಆದರೆ ಅಣು ಚಿಕ್ಕದಾದ ಒಂದು ಎಣ್ಣೆಯಂಥ ವಸ್ತುವನ್ನು ಬೀಜದೊಳಗೆ ಸ್ವಲ್ಪ ಸೇರಿಸಿದರು. ಪಾಲಿಮರಿನ ಉದ್ದ ಸರಪಳಿಗಳು ಸಂಖ್ಯೆಯಲ್ಲಿ ಕೆಲವೇ. ಈ ಚಿಕ್ಕ ಅಣುಗಳೋ ಅಸಂಖ್ಯ. ಅವು ಹೊರಗೆ ಹೋಗಲಾರವು. ಆದ್ದರಿಂದ ಹೊರಗಿನ ಸ್ಟೈರೀನೇ ಒಳಗೆ ಬಂದು ಅವುಗಳೊಡನೆ ಬೆರೆಯುತ್ತದೆ. ಉಪ್ಪುನೀರಿನ ಕಡೆಗೆ ಸಿಹಿನೀರು ಪೊರೆಯ ಮೂಲಕ ನುಗ್ಗುವುದನ್ನು ಪಾಠದಲ್ಲಿ ಓದಿದ್ದೀರಲ್ಲ, ಹೆಚ್ಚುಕಡಿಮೆ ಅದೇ ರೀತಿ. ಈಗ ಬೀಜ ತನ್ನ ಗಾತ್ರದ ನೂರು, ಸಾವಿರ ಪಟ್ಟು ಹೀರಬಲ್ಲದು. ಸಾವಿರ ಪಟ್ಟು ಗಾತ್ರವೆಂದರೆ ವ್ಯಾಸ ಹತ್ತು ಪಟ್ಟು. ಬೀಜಗಳು ಸಮನಾಗಿದ್ದರೆ ಫಲಗಳೂ ಸಮ. ಹಲವು ಬಾರಿ ಉಣಿಸುವ ಗೋಜಿಲ್ಲ, ಆಕಾಶಯಾನವೂ ಬೇಡ.

ಉಗೆಲ್‌ಸ್ಟಾಡ್ ಅಲ್ಲಿಗೆ ನಿಲ್ಲಲಿಲ್ಲ. ಸ್ಪಂಜಿನಂತೆ ರಂಧ್ರಗಳುಳ್ಳ ಮಣಿಗಳನ್ನು ಮಾಡಿ, ರಂಧ್ರಗಳೊಳಗೆ ಕಬ್ಬಿಣದ ಆಕ್ಸೈಡಿನ ನ್ಯಾನೊಕಣಗಳನ್ನು ಕೂರಿಸಿದರು. ಅಯಸ್ಕಾಂತ ಹತ್ತಿರವಿದ್ದಾಗ ಮಾತ್ರ ಈ ಮಣಿಗಳಿಗೆ ಕಾಂತಗುಣ. ಅದನ್ನು ತೆಗೆದೊಡನೆ ಮತ್ತೆ ಬಿಡಿಬಿಡಿ. ಇದರಿಂದ ಏನು ಲಾಭ ಎಂಬುದು 1984ರಲ್ಲಿ ಲಂಡನ್ನಿನಲ್ಲಿ ತಿಳಿಯಿತು. ನ್ಯೂರೊಬ್ಲಾಸ್ಟೋಮ ಎಂಬುದು ಎಳೆಯ ಮಕ್ಕಳಿಗೆ ಬರುವ ಒಂದು ಕ್ಯಾನ್ಸರ್. ಅದಕ್ಕೆ ಕೊಡುವ ಉಗ್ರ ಔಷಧ ಅಸ್ಥಿಮಜ್ಜೆಯನ್ನೂ ನಾಶಮಾಡುತ್ತದೆ. ಹಾಗಾಗಿ ಚಿಕಿತ್ಸೆಗೆ ಮೊದಲೇ ಮಗುವಿನ ಸ್ವಲ್ಪ ಮಜ್ಜೆಯನ್ನು ತೆಗೆದಿಟ್ಟು ಆಮೇಲೆ ಹಿಂದಿರುಗಿಸುತ್ತಾರೆ. ಆದರೆ ತೆಗೆದಿಟ್ಟ ಮಜ್ಜೆಯಲ್ಲೇ ಕ್ಯಾನ್ಸರ್ ಕೋಶಗಳು ಅಡಗಿದ್ದರೆ? ಆ ಕೋಶಗಳನ್ನೇ ಗುರುತಿಸಿ ಹಿಡಿಯುವ ಪ್ರತಿಕಾಯಗಳನ್ನು ಕಾಂತಮಣಿಗಳ ಮೈಗೆ ಲೇಪಿಸಿ, ಮಜ್ಜೆಯಲ್ಲಿ ಬೆರೆಸಿ, ಅಯಸ್ಕಾಂತಗಳ ಮುಂದೆ ಹರಿಸಿದರು. ಕ್ಯಾನ್ಸರ್ ಕೋಶಗಳು ಮಣಿಗಳೊಡನೆ ಹಿಂದುಳಿದವು, ಶುದ್ಧವಾದ ಮಜ್ಜೆ ಮುಂದೆ ಹೋಯಿತು. ಇಲ್ಲಿ ಗಾತ್ರದ ಸಮಾನತೆ ಅಲಂಕಾರದ ಮಾತಲ್ಲ. ಚಿಕ್ಕ ಮಣಿಯನ್ನು ಅಯಸ್ಕಾಂತ ಸೆಳೆಯುವ ಬಲವೂ ಚಿಕ್ಕದು. ಅದು ತಪ್ಪಿಸಿಕೊಂಡರೆ ಕ್ಯಾನ್ಸರ್ ಕೋಶವನ್ನು ಹೊತ್ತುಕೊಂಡು ಮಗುವಿನ ಮೈಗೇ ಮರಳಬಹುದು.

ಸುಮ್ಮನೆ ಹೇಳುವುದಾದರೆ, ಈ ಮಣಿಗಳ ದೂರದ ಬಂಧು ನಿಮ್ಮ ಊರಿನ ಔಷಧಿ ಅಂಗಡಿಯಲ್ಲೂ ಇದ್ದಿರಬಹುದು. ಸಂಧಿವಾತದ ಪತ್ತೆಗೆ ಲೇಟೆಕ್ಸ್ ಮಣಿಗಳ ಪರೀಕ್ಷೆ 1956ರಲ್ಲೇ ಬಂತು. 1988ರಲ್ಲಿ ಬಂದ, ಗರ್ಭಧಾರಣೆಯನ್ನು ಮನೆಯಲ್ಲೇ ತಿಳಿಯುವ ಪಟ್ಟಿಯಲ್ಲಿ ಮೂಡುತ್ತಿದ್ದ ನೀಲಿ ಗೆರೆಯೂ ಬಣ್ಣ ಹಾಕಿದ ಲೇಟೆಕ್ಸ್ ಮಣಿಗಳದೇ.

ಬಣ್ಣವಿಲ್ಲದ ಬಣ್ಣ

ಈಗ ಚಿಕ್ಕ ಮಣಿಗಳಿಗೇ ಹಿಂದಿರುಗೋಣ. ಮಣಿಗಳ ಹಾಲನ್ನು ಗಾಜಿನ ಮೇಲೆ ಹಾಕಿ ನಿಧಾನವಾಗಿ ಒಣಗಿಸಿದರೆ ಅವು ಅಂಗಡಿಯಲ್ಲಿ ಮೂಸಂಬಿ ಪೇರಿಸಿದ ಹಾಗೆ ಪದರ ಪದರವಾಗಿ ಕೂರುತ್ತವೆ. ಹೀಗೆ ಪೇರಿಸಿದ ಗೋಳಗಳು ನೂರಕ್ಕೆ 74 ಭಾಗ ಜಾಗ ತುಂಬುತ್ತವೆ, 26 ಭಾಗ ಸಂದು. ಇದಕ್ಕಿಂತ ಒತ್ತಾಗಿ ಸಮಗೋಳಗಳನ್ನು ಪೇರಿಸಲು ಸಾಧ್ಯವಿಲ್ಲವೆಂದು 1611ರಲ್ಲಿ ಕೆಪ್ಲರ್ ಊಹಿಸಿದ್ದರು. ಅದಕ್ಕೆ ಗಣಿತದ ಸಾಧನೆ ದೊರೆತದ್ದು 1998ರಲ್ಲಿ! ಒಣಗಿದ ಹಾಳೆಯನ್ನು ಬೆಳಕಿಗೆ ಹಿಡಿದರೆ ನವಿಲುಗರಿಯಂತೆ ಬಣ್ಣಗಳು ಹೊಳೆಯುತ್ತವೆ. ಪಾಲಿಸ್ಟೈರೀನಿಗೆ ಬಣ್ಣವಿಲ್ಲ. ಹಾಗಾದರೆ ಬಣ್ಣ ಎಲ್ಲಿಂದ?

ಈ ಪ್ರಶ್ನೆಗೆ ಬೆಂಗಳೂರಿನ ನಂಟು ಇದೆ. ಸರ್ ಸಿ. ವಿ. ರಾಮನ್ ಅವರಿಗೆ ಓಪಲ್ ಎಂಬ ರತ್ನದ ಮೇಲೆ ಬಹಳ ಮೋಹ. ಓಪಲ್ ಬರೀ ಸಿಲಿಕ ಮತ್ತು ನೀರು, ಆದರೂ ಅಲುಗಿಸಿದಂತೆಲ್ಲ ಕೆಂಪು, ಹಸಿರು, ನೀಲಿ ಕಿಡಿಗಳನ್ನು ಕಾರುತ್ತದೆ. 1953ರಲ್ಲಿ ಅವರೂ ಎ. ಜಯರಾಮನ್ ಅವರೂ ತಮ್ಮ ಸಂಶೋಧನಾಲಯದಲ್ಲಿ ಎಕ್ಸ್ ಕಿರಣಗಳಿಂದ ಓಪಲನ್ನು ಪರೀಕ್ಷಿಸಿ, ಒಳಗೆ ಕ್ರಮಬದ್ಧ ಪದರಗಳಿರುವುದೇ ಬಣ್ಣಕ್ಕೆ ಕಾರಣವೆಂದು ತರ್ಕಿಸಿದರು. ಕ್ರಮಬದ್ಧತೆಯ ಮಾತು ಸರಿಯಾಗಿತ್ತು. ಆ ಪದರಗಳು ಸಿಲಿಕದ ಎರಡು ಬಗೆಯ ಹರಳುಗಳಿಂದ ಆದವು ಎಂಬ ಅವರ ವಿವರಣೆ ಮಾತ್ರ ನಿಲ್ಲಲಿಲ್ಲ. 1964ರಲ್ಲಿ ಆಸ್ಟ್ರೇಲಿಯದ ಸ್ಯಾಂಡರ್ಸ್ ಮತ್ತು ಸಂಗಡಿಗರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅಲ್ಲಿ ಕಂಡದ್ದು ಒಂದೇ ಅಳತೆಯ ಸಿಲಿಕ ಗೋಳಗಳ ಸಾಲು ಸಾಲು. ಪ್ರಕೃತಿ ಭೂಮಿಯೊಳಗೆ ಬಹುಕಾಲ ಮಾಡಿದ್ದೂ ನಮ್ಮ ಮಣಿಗಳ ಹಾಳೆಯೂ ತತ್ತ್ವದಲ್ಲಿ ಒಂದೇ.

ಒಂದೊಂದು ಪದರವೂ ಸ್ವಲ್ಪ ಸ್ವಲ್ಪ ಬೆಳಕನ್ನು ಹಿಂದಿರುಗಿಸುತ್ತದೆ. ಯಾವ ತರಂಗದೂರದ ಬೆಳಕಿಗೆ ಎಲ್ಲ ಪದರಗಳ ಅಲೆಗಳೂ ಹೆಜ್ಜೆ ಕೂಡಿಸುತ್ತವೆಯೋ ಆ ಬಣ್ಣ ಮಾತ್ರ ಬಲವಾಗಿ ಕಾಣುತ್ತದೆ. ನೇರವಾಗಿ ನೋಡಿದಾಗ ಆ ತರಂಗದೂರ ಮಣಿಯ ವ್ಯಾಸದ 1.63 ಪಟ್ಟನ್ನು ಹಾಳೆಯ ಸರಾಸರಿ ವಕ್ರೀಭವನಾಂಕದಿಂದ ಗುಣಿಸಿದಷ್ಟು. ಪಾಲಿಸ್ಟೈರೀನ್ ಮಣಿ ಮತ್ತು ಸಂದಿನ ಗಾಳಿ ಸೇರಿ ಈ ಸರಾಸರಿ ಸುಮಾರು 1.46. ವ್ಯಾಸ 200 ನ್ಯಾನೊಮೀಟರ್ ಇದ್ದರೆ ತರಂಗದೂರ 477, ನೀಲಿ. 230 ಇದ್ದರೆ 548, ಹಸಿರು. 270 ಇದ್ದರೆ 644, ಕೆಂಪು. ವ್ಯಾಸ ಒಂದು ನ್ಯಾನೊಮೀಟರ್ ಬದಲಾದರೆ ಬಣ್ಣ ಹೆಚ್ಚುಕಡಿಮೆ ಎರಡೂವರೆ ನ್ಯಾನೊಮೀಟರ್ ಸರಿಯುತ್ತದೆ. ಗಾತ್ರಗಳು ಬೆರಕೆಯಾದರೆ ಸಾಲು ಕೆಡುತ್ತದೆ, ಸಾಲು ಕೆಟ್ಟರೆ ಉಳಿಯುವುದು ಹಾಲಿನ ಬಿಳುಪು ಮಾತ್ರ.

ಮಣಿಗಳನ್ನು ಒಣಗಿಸದೆ ಶುದ್ಧ ನೀರಿನಲ್ಲೇ ಬಿಟ್ಟರೂ ಅವು ವಿದ್ಯುದಂಶದ ದೂಡಾಟದಿಂದ ಹರಳಿನಂತೆ ಸಾಲುಗಟ್ಟುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಜಯ್ ಸೂದ್ ಇಂಥ ಮಣಿಗಳನ್ನು ದೊಡ್ಡ ಪರಮಾಣುಗಳೆಂದು ಭಾವಿಸಿ, ಘನ, ದ್ರವ, ಗಾಜು ಎಂಬ ಸ್ಥಿತಿಗಳನ್ನು ಅಭ್ಯಸಿಸಿದವರಲ್ಲಿ ಪ್ರಮುಖರು. 1997ರಲ್ಲಿ ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ ಹೋಲ್ಟ್ಸ್ ಮತ್ತು ಆಶರ್ ಮಣಿಗಳ ಈ ಸಾಲನ್ನು ಒಂದು ಮೆತ್ತನೆಯ ಜೆಲ್‌ನೊಳಗೆ ಸೆರೆಹಿಡಿದರು. ಸೀಸದ ಲವಣವೋ ಗ್ಲೂಕೋಸೋ ಸೋಂಕಿದರೆ ಜೆಲ್ ಉಬ್ಬುತ್ತದೆ, ಮಣಿಗಳು ದೂರ ಸರಿಯುತ್ತವೆ, ಬಣ್ಣ ಕೆಂಪಿನ ಕಡೆಗೆ ವಾಲುತ್ತದೆ. ತಂತಿಯಿಲ್ಲ, ಬ್ಯಾಟರಿಯಿಲ್ಲ, ಕಣ್ಣೇ ಮಾಪಕ.

ಮಣಿ ಹೋಗಿ ತೂತು ಬಂತು

ಮಣಿಗಳನ್ನು ಅಚ್ಚಾಗಿ ಬಳಸುವುದು ಇನ್ನೊಂದು ಉಪಾಯ. ಪೇರಿಸಿದ ಮಣಿಗಳ ಸಂದಿನ ಆ 26 ಭಾಗ ಜಾಗಕ್ಕೆ ಸಿಲಿಕವನ್ನೋ ಟೈಟಾನಿಯಂ ಆಕ್ಸೈಡನ್ನೋ ಕೊಡುವ ದ್ರವವನ್ನು ತುಂಬಿ ಗಟ್ಟಿಯಾಗಿಸಬೇಕು. ಆಮೇಲೆ ಕುಲುಮೆಯಲ್ಲಿ ಕಾಯಿಸಿದರೆ ಪಾಲಿಸ್ಟೈರೀನ್ ಸುಟ್ಟುಹೋಗುತ್ತದೆ. ಉಳಿಯುವುದು ಒಂದೇ ಅಳತೆಯ ಗುಂಡನೆಯ ಪೊಳ್ಳುಗಳ ಜಾಲ. ಪ್ರತಿ ಮಣಿಗೂ ಹನ್ನೆರಡು ನೆರೆಯವರು ತಾಗಿಕೊಂಡಿದ್ದುದರಿಂದ ಪ್ರತಿ ಪೊಳ್ಳಿಗೂ ಹನ್ನೆರಡು ಕಿಟಕಿ. 1997ರಲ್ಲಿ ವೆಲೆವ್ ಮತ್ತು ಸಂಗಡಿಗರು ಸಿಲಿಕದಲ್ಲಿ ಇದನ್ನು ಮಾಡಿ ತೋರಿಸಿದರು. ಮರುವರ್ಷವೇ ಬೇರೆ ತಂಡಗಳು ಟೈಟಾನಿಯಂ ಆಕ್ಸೈಡ್ ಮುಂತಾದವುಗಳಲ್ಲೂ ಮಾಡಿದವು. ದ್ರವ, ಅನಿಲ ಸರಾಗವಾಗಿ ಓಡಾಡುವ ಇಂಥ ಜಾಲಗಳನ್ನು ಬ್ಯಾಟರಿಯ ವಿದ್ಯುದ್ವಾರಗಳಿಗೂ ಕ್ರಿಯಾವರ್ಧಕಗಳಿಗೂ ಬಳಸುವ ಪ್ರಯತ್ನ ಅಂದಿನಿಂದ ನಡೆದಿದೆ.

ಒಂದೇ ಪದರ ಮಣಿ ಸಾಕೆಂದವರೂ ಇದ್ದಾರೆ. ಮೂರು ಮಣಿಗಳು ತಾಗಿದ ಕಡೆ ತ್ರಿಕೋನದ ಸಂದು ಇರುತ್ತದಲ್ಲ, ಮೇಲಿನಿಂದ ಬೆಳ್ಳಿಯ ಆವಿ ಹಾಯಿಸಿದರೆ ಅದು ಸಂದುಗಳಲ್ಲಿ ಮಾತ್ರ ಕೆಳಗಿಳಿದು ಗಾಜಿಗೆ ಅಂಟುತ್ತದೆ. ಮಣಿಗಳನ್ನು ತೊಳೆದುಬಿಟ್ಟರೆ ಕೋಟ್ಯಂತರ ಬೆಳ್ಳಿ ತ್ರಿಕೋನಗಳು ಉಳಿಯುತ್ತವೆ. ಹಬ್ಬದ ದಿನ ತೂತಿನ ಅಚ್ಚಿನ ಮೇಲೆ ರಂಗೋಲಿ ಪುಡಿ ಉದುರಿಸಿದಂತೆಯೇ. ಫಿಷರ್ ಮತ್ತು ಜಿಂಗ್ಸ್‌ಹೈಮ್ 1981ರಲ್ಲಿ ಇದರ ದಾರಿ ತೋರಿಸಿದರು, ವಾನ್ ಡೈನ್ ಅವರ ತಂಡ 1995ರಲ್ಲಿ ಇದನ್ನು ಬೆಳೆಸಿತು. ಬಲು ದುಬಾರಿ ಯಂತ್ರಗಳು ಮಾಡುವ ನ್ಯಾನೊ ಚಿತ್ತಾರವನ್ನು ಕಡಿಮೆ ಖರ್ಚಿನಲ್ಲಿ ಮಾಡಬಹುದಾದದ್ದರಿಂದ ನಮ್ಮಂಥ ದೇಶಗಳ ಪ್ರಯೋಗಶಾಲೆಗಳಿಗೆ ಇದು ತುಂಬ ಒಪ್ಪುವ ವಿಧಾನ ಎನ್ನಬೇಕು.

ಎಲ್ಲವೂ ಸುಗಮವೆಂದು ಭಾವಿಸಬೇಡಿ. ಒಣಗುವಾಗ ಮಣಿಗಳ ಹಾಳೆ ಕುಗ್ಗಿ, ನೀರು ಬತ್ತಿದ ಕೆರೆಯಂಗಳದಂತೆ ಬಿರುಕು ಬಿಡುತ್ತದೆ. ಹನಿಯ ಅಂಚು ಬೇಗ ಆರುವುದರಿಂದ ಒಳಗಿನ ನೀರು ಅಂಚಿನ ಕಡೆಗೆ ಹರಿದು ಮಣಿಗಳನ್ನು ಅಲ್ಲಿಗೇ ಒಯ್ಯುತ್ತದೆ. ಚೆಲ್ಲಿದ ಕಾಫಿಯ ಕಲೆ ಅಂಚಿನಲ್ಲಿ ಗಾಢವಾಗಿರುವುದು ಇದೇ ಕಾರಣದಿಂದ. ಅಂಗೈಯಗಲದಷ್ಟು ಹಾಳೆಯನ್ನು ಒಂದೂ ಬಿರುಕು, ಒಂದೂ ತಪ್ಪಿದ ಸಾಲು ಇಲ್ಲದೆ ಮಾಡುವುದು ಇಂದಿಗೂ ಕಷ್ಟದ ಕೆಲಸವೇ.

ಗಾತ್ರ ಸಮನಾಗಿದೆಯೇ ಎಂದು ಪರೀಕ್ಷಿಸುವ ಒಂದು ಸರಳ ವಿಧಾನ ನಿಮ್ಮ ಕಾಲೇಜಿನ ಪ್ರಯೋಗಶಾಲೆಯಲ್ಲೇ ಇರಬಹುದು. ಲೈಕೋಪೋಡಿಯಂ ಎಂಬ ಸಸ್ಯದ ಬೀಜಕಗಳ ಹಳದಿ ಪುಡಿ ಅಲ್ಲಿ ಸಿಗುತ್ತದೆ. ಒಂದೊಂದು ಬೀಜಕವೂ ಸುಮಾರು 30 ಮೈಕ್ರೋಮೀಟರ್. ಪುಡಿಯನ್ನು ಗಾಜಿನ ತಟ್ಟೆಯ ಮೇಲೆ ತೆಳ್ಳಗೆ ಉದುರಿಸಿ, ಅಧ್ಯಾಪಕರ ಎದುರಿನಲ್ಲಿ, ಪ್ರಯೋಗಶಾಲೆಯ ಕೆಂಪು ಲೇಸರ್ ಬೆಳಕನ್ನು ಅದರ ಮೂಲಕ ಹಾಯಿಸಿ. ಕಿರಣವನ್ನು ನೇರವಾಗಿ ಕಣ್ಣಿಟ್ಟು ನೋಡಬಾರದು. ಒಂದು ಮೀಟರ್ ದೂರದ ಬಿಳಿಯ ಹಾಳೆಯ ಮೇಲೆ, ನಡುವಿನ ಚುಕ್ಕೆಯ ಸುತ್ತ ಕೆಂಪು ಉಂಗುರಗಳು ಮೂಡುತ್ತವೆ. ಮೊದಲ ಕಪ್ಪು ಉಂಗುರದ ತ್ರಿಜ್ಯ ಸುಮಾರು ಎರಡೂವರೆ ಸೆಂಟಿಮೀಟರ್ ಬರಬೇಕು. ಅದನ್ನು ಅಳೆದು ಬೀಜಕದ ವ್ಯಾಸವನ್ನು ನೀವೇ ಲೆಕ್ಕ ಹಾಕಬಹುದು. ಆಮೇಲೆ ಅದೇ ತಟ್ಟೆಯನ್ನು ಒರೆಸಿ ಮುಖದ ಪೌಡರನ್ನು ಉದುರಿಸಿ ನೋಡಿ. ಅದರ ಕಣಗಳು ನಾನಾ ಗಾತ್ರದವು. ಒಂದೊಂದು ಗಾತ್ರವೂ ತನ್ನದೇ ಉಂಗುರವನ್ನು ಬೇರೆ ಬೇರೆ ಕಡೆ ಬರೆಯುವುದರಿಂದ ಒಂದೂ ಸ್ಪಷ್ಟವಾಗಿ ಕಾಣುವುದಿಲ್ಲ, ನಡುವಿನ ಚುಕ್ಕೆಯ ಸುತ್ತ ಮಸುಕಾದ ಕೆಂಪು ಮಬ್ಬು ಮಾತ್ರ ಹರಡಿರುತ್ತದೆ.